ಎರಡು ಡಿಸ್ಕ್ ಇದ್ದರೆ ಬ್ಯಾಕಪ್ ಆದಂತೆಯೇ?

ಪ್ರಶ್ನೆ: ನಾನು ಸಾಫ್ಟ್‌ವೇರ್ ಡೆವಲಪರ್. ಒಂದೇ ಮಾಹಿತಿಯನ್ನು ಎರಡು ಡಿಸ್ಕ್‌ಗಳಲ್ಲೂ ಬರೆಯುವ ರೈಡ್ ಪೆಟ್ಟಿಗೆ ಕೊಂಡಿದ್ದೇನೆ. ಬೇರೆ ಬ್ಯಾಕಪ್ ಬೇಕೇ?

ಉತ್ತರ: ಖಂಡಿತ ಬೇಕು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ರೈಡ್ ವಿಧಾನವನ್ನು ಮಂಡಿಸಿದಾಗ, ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯಬೇಕೆಂಬುದು ಅವರ ಲೆಕ್ಕಾಚಾರದ ಮುಖ್ಯ ಭಾಗವಾಗಿತ್ತು. ಆದರೆ ಮಾಹಿತಿ ಹಾಳಾಗುವುದು ಡಿಸ್ಕ್ ಕೆಟ್ಟಾಗ ಮಾತ್ರವಲ್ಲ. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ಅದೇ ಕ್ಷಣ ಎರಡೂ ಡಿಸ್ಕ್‌ಗಳಿಂದ ಮಾಯವಾಗುತ್ತದೆ. ರ‍್ಯಾನ್ಸಮ್‌ವೇರ್ ಬೀಗ ಹಾಕಿದರೆ ಎರಡಕ್ಕೂ ಬೀಳುತ್ತದೆ. ಪೆಟ್ಟಿಗೆಯೇ ಕಳುವಾದರಂತೂ ಮುಗಿಯಿತು.

ಕೋಡ್ ಹೇಗೂ ಗಿಟ್‌ನಲ್ಲಿದೆಯಲ್ಲ ಎನ್ನಬಹುದು. ಪುಶ್ ಮಾಡಿದ್ದಷ್ಟೇ ದೂರದ ಗಿಟ್ ಸರ್ವರ್‌ನಲ್ಲಿರುತ್ತದೆ. ಡೇಟಾಬೇಸ್, ಕೀಲಿಗಳು, ಅರ್ಧ ಬರೆದ ಕೆಲಸ ಸಾಮಾನ್ಯವಾಗಿ ನಿಮ್ಮ ಯಂತ್ರದಲ್ಲೇ ಉಳಿದಿರುತ್ತವೆ. ತಜ್ಞರಿಗೆ ಹೀಗಾಗುವುದಿಲ್ಲ ಎಂಬ ಆಕ್ಷೇಪಕ್ಕೆ 2017ರ ಜನವರಿ 31ರ ಗಿಟ್‌ಲ್ಯಾಬ್ ಘಟನೆಯೇ ಉತ್ತರ. ಅಲ್ಲಿ ಎಂಜಿನಿಯರ್ ಒಬ್ಬರು ಬೇರೆ ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಿದರು. ದಿನವೂ ಆಗಬೇಕಿದ್ದ ಬ್ಯಾಕಪ್, ಡೇಟಾಬೇಸ್ ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು. ಎಚ್ಚರಿಕೆಯ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಕೊನೆಗೆ ಕೈಗೆ ಬಂದದ್ದು ಸುಮಾರು 6 ಗಂಟೆ ಹಿಂದೆ ಬೇರೊಂದು ಉದ್ದೇಶಕ್ಕೆ ತೆಗೆದಿದ್ದ ಪ್ರತಿ. ಈ ಘಟನೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಅಳಿಸಿದ ತಪ್ಪಲ್ಲ, ಬ್ಯಾಕಪ್ ಇದೆಯೆಂಬ ಪರೀಕ್ಷಿಸದ ನಂಬಿಕೆ. ಖರ್ಚಿನ ಚಿಂತೆಯಿದ್ದರೆ ಒಂದು ಸಾಧಾರಣ ಯುಎಸ್‌ಬಿ ಡಿಸ್ಕ್ ಸಾಕು: ವಾರಕ್ಕೊಮ್ಮೆ ಪ್ರತಿ ತೆಗೆದು, ಕೇಬಲ್ ಕಿತ್ತು, ಬೇರೆ ಮನೆಯಲ್ಲಿಡಿ. ಆಗಾಗ ಅದರಿಂದ ಒಂದು ಪ್ರಾಜೆಕ್ಟನ್ನು ಖಾಲಿ ಫೋಲ್ಡರಿಗೆ ಮರಳಿಸಿ, ಅದು ನಿಜಕ್ಕೂ ಓಡುತ್ತದೆಯೇ ನೋಡಿ.