ದ್ರಾವಿಡ್ ಹೆಸರನ್ನು ಪೆನ್ ಡ್ರೈವಿನಲ್ಲಿ ತಂದ ಹುಡುಗರು

ಬಸ್ ಸ್ಟ್ಯಾಂಡ್ ಎದುರಿನ ಮಹಡಿ ಮೇಲೆ, ಜೆರಾಕ್ಸ್ ಅಂಗಡಿ ಪಕ್ಕದ ಇಕ್ಕಟ್ಟು ಮೆಟ್ಟಿಲು ಹತ್ತಿದರೆ ಸಿಗುತ್ತಿದ್ದ ಸೈಬರ್ ಕೆಫೆಗಳು ಈಗೆಲ್ಲಿ ಹೋದವು? ಕೆಲವು ಮೊಬೈಲ್ ರಿಪೇರಿ ಅಂಗಡಿಗಳಾದವು. ಕೆಲವು ಪರೀಕ್ಷೆ ಅರ್ಜಿ ತುಂಬಿಕೊಡುವ ಕೇಂದ್ರಗಳಾದವು. ಮಿಕ್ಕವಕ್ಕೆ ಷಟರ್ ಬಿತ್ತು. ಆ ಪ್ಲೈವುಡ್ ಗೂಡುಗಳೊಳಗೆ ಗಂಟೆಗೆ ಹತ್ತೋ ಇಪ್ಪತ್ತೋ ಕೊಟ್ಟು ಕೂತ ಕಾಲೇಜು ಹುಡುಗರು ಏನು ಮಾಡ್ತಾರೋ ಅಂತ ಮನೆಯವರಿಗೆ ಬೇರೆ ಬೇರೆ ಅನುಮಾನ. ಬಹಳಷ್ಟು ಹುಡುಗರು ಮಾಡುತ್ತಿದ್ದದ್ದು ಇಷ್ಟೇ: ಕ್ರಿಕೆಟ್ ಆಡುತ್ತಿದ್ದರು!

ಆಟದ ಹೆಸರು 'ಕ್ರಿಕೆಟ್ 07'. ಇಎ ಸ್ಪೋರ್ಟ್ಸ್ ಕಂಪನಿ 2006ರ ನವೆಂಬರಿನಲ್ಲಿ ಬಿಟ್ಟದ್ದು. ಮಾಡಿದವರು ಕೆನಡಾದ ಲೂನೆನ್‌ಬರ್ಗ್ ಎಂಬ ಕಡಲ ದಂಡೆಯ ಸಣ್ಣ ಊರಿನ ಎಚ್‌ಬಿ ಸ್ಟುಡಿಯೋಸ್‌ನವರು. ಕೆನಡಾದವರಿಗೂ ಕ್ರಿಕೆಟ್ಟಿಗೂ ಎಲ್ಲಿಯ ನಂಟು ಎಂದು ನಗಬೇಡಿ. ಅವರು ಅಮೆರಿಕದ ವಿರುದ್ಧ 1844ರಲ್ಲೇ ಪಂದ್ಯ ಆಡಿದವರು.

ಆದರೆ ಆಟ ಶುರು ಮಾಡಿ ಭಾರತ ತಂಡ ಆರಿಸಿಕೊಂಡರೆ ಅಲ್ಲೊಂದು ಪೆಟ್ಟು ಕಾದಿರುತ್ತಿತ್ತು. ಬ್ಯಾಟ್ ಹಿಡಿದು ಬಂದವರು ಯಾರೋ! ಹೆಸರು ನಮ್ಮವರದ್ದಲ್ಲ. ಕಾರಣ ಸರಳ, ವ್ಯಾಪಾರಸ್ಥರಿಗೆ ಬೇಗ ಅರ್ಥವಾಗುವಂಥದ್ದು. ಆಟಗಾರರ ಹೆಸರು, ಜರ್ಸಿ, ಲಾಂಛನ ಬಳಸಬೇಕಾದರೆ ಪರವಾನಗಿ ಬೇಕು, ಅದಕ್ಕೆ ದುಡ್ಡು ಕಟ್ಟಬೇಕು. ಕಂಪನಿ ಇಂಗ್ಲೆಂಡ್, ಆಸ್ಟ್ರೇಲಿಯ ತಂಡಗಳದ್ದು ಪಡೆದಿತ್ತು. ಭಾರತದ್ದು ಪಡೆದಿರಲಿಲ್ಲ. ಆಗ ಭಾರತದ ನಾಯಕ ಬೆಂಗಳೂರಿನ ರಾಹುಲ್ ದ್ರಾವಿಡ್. ಕುಂಬ್ಳೆ ಇನ್ನೂ ಬೌಲಿಂಗ್ ಮಾಡುತ್ತಿದ್ದರು. ಇಷ್ಟೆಲ್ಲ ಇದ್ದೂ ಕಂಪ್ಯೂಟರಿನಲ್ಲಿ ಮಾತ್ರ ಅವರಿಗೆ ಅವರ ಹೆಸರಿಲ್ಲ!

ಇಂಗ್ಲೆಂಡ್ 2-1ರಿಂದ ಗೆದ್ದ 2005ರ ಆಷಸ್ ಸರಣಿಯ ರೋಚಕ ಘಟ್ಟಗಳನ್ನೇ ಆ ಆಟದಲ್ಲಿ ಮತ್ತೆ ಆಡಲು ಇಟ್ಟಿದ್ದರು. ಹಾಗಾಗಿ ಆಷಸ್ ಯಾರ ಮನೆಯ ಹಬ್ಬ ಎಂದು ಗೊತ್ತಿಲ್ಲದ ಹುಡುಗರೂ ಫ್ಲಿಂಟಾಫ್ ಪರವಾಗಿ ಬೆವರು ಸುರಿಸಿ, ಪಾಂಟಿಂಗ್ ವಿಕೆಟ್ ಬಿದ್ದಾಗ ಪಕ್ಕದ ಗೂಡಿಗೆ ಕೇಳುವಂತೆ ಕೂಗಿದ್ದುಂಟು. ಹೊಟ್ಟೆಪಾಡಿಗೆ ಪರರ ಮನೆ ಚಾಕರಿ ಇದ್ದಂತೆ!

ಕಾಸಿಲ್ಲದೆ ಆದ ತಿದ್ದುಪಡಿ

ಕಂಪನಿ ಮಾಡದ ಕೆಲಸವನ್ನು ಆಟದ ಹುಚ್ಚಿನವರೇ ಮಾಡಿದರು. ಆಟದ ಒಳಗಿನ ತಂಡಗಳ ಪಟ್ಟಿ ಒಂದು ಫೈಲಿನಲ್ಲಿ ಇರುತ್ತಿತ್ತು. ಅದನ್ನು ಬಿಚ್ಚಿ ಹೆಸರು ತಿದ್ದಿ, ಎಡಗೈಯೋ ಬಲಗೈಯೋ ಸರಿಪಡಿಸಿ, ಇಂಟರ್ನೆಟ್ಟಿನಲ್ಲಿ ಹಾಕಿದರು. ಯಾರೋ ಒಬ್ಬ ಇಳಿಸಿಕೊಂಡರೆ ಸಾಕು, ಪೆನ್ ಡ್ರೈವಿನಲ್ಲಿ ಇಡೀ ಹಾಸ್ಟೆಲ್ಲಿಗೆ ಹಂಚಿಕೆ. ಆ ಫೈಲ್ ಸರಿಯಾದ ಜಾಗಕ್ಕೆ ಬಿದ್ದ ಮೇಲೆ ಪರದೆಯ ಮೇಲೆ 'ದ್ರಾವಿಡ್' ಎಂದು ಮೂಡುತ್ತಿತ್ತಲ್ಲ, ಆ ಕ್ಷಣ ಕಂಡವರಿಗೇ ಗೊತ್ತು. ಮುಖ ಮಾತ್ರ ಆಗಲೂ ಯಾರದ್ದೋ!

2008ರಲ್ಲಿ ಐಪಿಎಲ್ ಶುರುವಾಯಿತು. 2006ರ ಆಟದಲ್ಲಿ ಅದು ಇರಲು ಹೇಗೆ ಸಾಧ್ಯ? ಅದನ್ನೂ ಅಭಿಮಾನಿಗಳೇ ತಂದರು. ಬೆಂಗಳೂರಿನ ಕೆಂಪು ಜರ್ಸಿ, ಹೊಸ ಬ್ಯಾಟಿನ ಸ್ಟಿಕ್ಕರ್, ಹೊಸ ಮೈದಾನ, ಎಲ್ಲಾ ಬಿಟ್ಟಿ. ಸಂಬಳ ಇಲ್ಲ, ಸನ್ಮಾನ ಇಲ್ಲ, ಹಾರವಂತೂ ಇಲ್ಲವೇ ಇಲ್ಲ. ಮೂಲ ಸಿಡಿಯನ್ನೇ ದುಡ್ಡು ಕೊಟ್ಟು ಕೊಂಡವರು ಎಷ್ಟು ಮಂದಿ ಅಂತ ಕೇಳಿದರೆ ಮಾತ್ರ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿಗೆ ಹೋಗಿ ಬಂದವರು ಯಾಕೆ ಅಂತ ಹೇಳಬಲ್ಲರು.

ಒಂದೇ ಅಕ್ಕಿ, ಮೂರು ಚೀಲ

ಈ ಹೆಸರಿನ ವ್ಯವಹಾರ ಹಳೆಯದು. ಇಂಗ್ಲೆಂಡಿನ ಆಡಿಯೋಜೆನಿಕ್ ಕಂಪನಿ 1993ರಲ್ಲಿ ಒಂದು ಕ್ರಿಕೆಟ್ ಆಟ ಮಾಡಿತು. ಅದಕ್ಕೆ ಇಂಗ್ಲೆಂಡಿನಲ್ಲಿ ಗ್ರಹಾಂ ಗೂಚ್ ಹೆಸರು, ಆಸ್ಟ್ರೇಲಿಯದಲ್ಲಿ ಅಲನ್ ಬಾರ್ಡರ್ ಹೆಸರು. 1994ರಲ್ಲಿ ಬ್ರಯಾನ್ ಲಾರಾ ಏಪ್ರಿಲ್‌ನಲ್ಲಿ ಟೆಸ್ಟಿನಲ್ಲಿ 375, ಜೂನ್‌ನಲ್ಲಿ ಕೌಂಟಿಯಲ್ಲಿ ಔಟಾಗದೆ 501 ಬಾರಿಸಿದ ಮೇಲೆ ಮಾರ್ಕೆಟ್ ಅತ್ತ ವಾಲಿತು. 1995ರಲ್ಲಿ ಅದೇ ಆಟ ಸುಧಾರಿಸಿಕೊಂಡು 'ಬ್ರಯಾನ್ ಲಾರಾ ಕ್ರಿಕೆಟ್' ಆಗಿ ಸೆಗಾ ಮೆಗಾ ಡ್ರೈವಿಗೆ ಬಂತು. ಮುಂದೆ 1999ರ ಲಾರಾ ಆಟವನ್ನೂ ಆಸ್ಟ್ರೇಲಿಯದಲ್ಲಿ ಶೇನ್ ವಾರ್ನ್ ಹೆಸರಲ್ಲಿ ಮಾರಿದರು. ಒಂದೇ ಮೂಟೆ ಅಕ್ಕಿಯನ್ನು ಬೇರೆ ಬೇರೆ ಚೀಲಕ್ಕೆ ತುಂಬಿ ಬೇರೆ ಬೇರೆ ಬ್ರಾಂಡ್ ಹಾಕುವುದು ನಮ್ಮ ಮಂಡಿಯವರಿಗೆ ಹೊಸದೇನಲ್ಲ.

ಆ 1995ರ ಆಟದಲ್ಲಿ ಆಟಗಾರ ಎಂದರೆ ಬೆರಳುದ್ದದ ಗೊಂಬೆ. ಹನ್ನೊಂದು ಜನಕ್ಕೂ ಹೆಚ್ಚುಕಡಿಮೆ ಒಂದೇ ಅಚ್ಚು, ಬಣ್ಣ ಮಾತ್ರ ಬೇರೆ. ಕಾರ್ಟ್ರಿಜ್ಜಿನಲ್ಲಿ ಜಾಗ ಕಡಿಮೆ. ಒಂದೇ ಚಿತ್ರವನ್ನು ಮತ್ತೆ ಮತ್ತೆ ಬಳಸದೆ ಬೇರೆ ದಾರಿ ಇರಲಿಲ್ಲ. ಹನ್ನೊಂದು ವರ್ಷ ಕಳೆದು ಸಿಡಿಯಲ್ಲಿ ಬಂದ 'ಕ್ರಿಕೆಟ್ 07'ರಲ್ಲೂ ಪ್ರೇಕ್ಷಕರು ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದವರಂತೆ ಚಪ್ಪಟೆ. ಜಾತ್ರೆಯ ಫೋಟೋ ಸ್ಟುಡಿಯೋದ ಪರದೆ ನೆನಪಾಗುತ್ತಿತ್ತು. ಸಿಕ್ಸರ್ ಹೋದರೂ ಅದೇ ಭಂಗಿ, ವಿಕೆಟ್ ಬಿದ್ದರೂ ಅದೇ ಭಂಗಿ.

ಇನ್ನು ಕಂಪ್ಯೂಟರ್ ನಾಯಕನ ಬುದ್ಧಿ! ಒಮ್ಮೆ ಒಂದು ಜಾಗಕ್ಕೆ ಎತ್ತಿ ಹೊಡೆಯುವ ಗುಟ್ಟು ಸಿಕ್ಕಿತೋ, ಮುಗಿಯಿತು. ಅಲ್ಲಿಗೆ ಹೊಡೀತಾನೆ ಅಂತ ಗೊತ್ತಿದ್ದರೂ ಅವನು ಫೀಲ್ಡರನ್ನು ಅಲ್ಲಿಗೆ ಕಳಿಸುತ್ತಿರಲಿಲ್ಲ. ಹೊಡೆತದಿಂದ ಕಲಿಯುವುದು ಅವನ ಪ್ರೋಗ್ರಾಮಿನಲ್ಲೇ ಇರಲಿಲ್ಲ. ಟೆಸ್ಟ್ ಪಂದ್ಯದಲ್ಲೂ ಬಸ್ಸಿಗೆ ಹೊತ್ತಾದವರ ಹಾಗೆ ಬೀಸುವ ಬ್ಯಾಟ್ಸ್‌ಮನ್‌ಗಳು. ಅಣ್ಣ ಕಂಡುಹಿಡಿದ ಹೊಡೆತ ತಮ್ಮನಿಗೆ, ತಮ್ಮನಿಂದ ಪಕ್ಕದ ಬೀದಿಗೆ. ಇವತ್ತಿಗೂ ಮೂವತ್ತು ದಾಟಿದ ಇಬ್ಬರು ಸಿಕ್ಕಿ ಈ ಆಟದ ಮಾತು ಬಂದರೆ ಗ್ರಾಫಿಕ್ಸ್ ಹೊಗಳುವುದಿಲ್ಲ, 'ಆ ಬಾಲಿಗೆ ಆ ಶಾಟ್ ನೆನಪಿದೆಯಾ' ಅಂತಲೇ ಶುರು.

ಕಾಮೆಂಟರಿ ಮಾರ್ಕ್ ನಿಕೋಲಸ್ ಮತ್ತು ರಿಚೀ ಬೆನೋ ಅವರದ್ದು. ಸ್ಟುಡಿಯೋದಲ್ಲಿ ತುಂಡು ತುಂಡಾಗಿ ಹೇಳಿಸಿಟ್ಟ ವಾಕ್ಯಗಳನ್ನು ಕಂಪ್ಯೂಟರ್ ಸಂದರ್ಭ ನೋಡಿ ಜೋಡಿಸುತ್ತಿತ್ತು. ತುಂಡುಗಳು ಎಣಿಕೆಯವು, ಹುಡುಗರು ಆಡಿದ್ದು ಎಣಿಕೆ ಮೀರಿ. ಇಂಗ್ಲಿಷ್ ಪೇಪರಿನಲ್ಲಿ ಫೇಲಾದವನಿಗೂ ಬೆನೋ ಮುಂದೇನು ಹೇಳ್ತಾರೆ ಅನ್ನುವುದು ಬಾಯಿಪಾಠ. ಆಸ್ಟ್ರೇಲಿಯದ ನಾಯಕರಾಗಿದ್ದ ಆ ಲೆಗ್ ಸ್ಪಿನ್ನರ್ 2015ರ ಏಪ್ರಿಲಿನಲ್ಲಿ ತೀರಿಕೊಂಡಾಗ, ಅವರ ಬೌಲಿಂಗನ್ನು ಒಮ್ಮೆಯೂ ಕಾಣದ ನಮ್ಮ ಹುಡುಗರಿಗೂ ಪರಿಚಯದ ದನಿ ಒಂದು ನಿಂತಂತಾಯಿತು.

ಅಂಗಡಿಯಲ್ಲಿ ಸಿಗದ ಸರಕು

'ಕ್ರಿಕೆಟ್ 07' ಆದಮೇಲೆ ಇಎ ಕಂಪನಿ ಈ ಸಾಲನ್ನು ಮುಂದುವರಿಸಲಿಲ್ಲ. ಬೇರೆಯವರು ಕೈ ಹಾಕಿದರು. 2013ರ ನವೆಂಬರಿನಲ್ಲಿ ಕಂಪ್ಯೂಟರಿಗೆ ಬಂದ 'ಆಷಸ್ ಕ್ರಿಕೆಟ್ 2013' ಎಷ್ಟು ಕೆಟ್ಟದಾಗಿತ್ತೆಂದರೆ ಮಾರಾಟಕ್ಕಿಟ್ಟ ಕೆಲವೇ ದಿನಕ್ಕೆ ವಾಪಸ್ ತೆಗೆದರು. ಈಗ ಆಸ್ಟ್ರೇಲಿಯದ ಬಿಗ್ ಆಂಟ್ ಸ್ಟುಡಿಯೋಸ್ ಮಾಡುವ ಆಟಗಳಲ್ಲಿ ಬೆವರಿನ ಹನಿಯೂ ಕಾಣುತ್ತದೆ, ಅದಕ್ಕೆ ತಕ್ಕ ಕಂಪ್ಯೂಟರೂ ಬೇಕು. ಬಸ್ಸಿನಲ್ಲಿ ಕೂತವನಿಗೆ ಮೊಬೈಲಿನಲ್ಲಿ ಚೆನ್ನೈಯ ನೆಕ್ಸ್ಟ್‌ವೇವ್‌ನವರ ಆಟ ಇದೆ. ಕೆಟ್ಟದ್ದೇನಲ್ಲ. ನಡುನಡುವೆ ಜಾಹೀರಾತು ಸಹಿಸಿಕೊಳ್ಳಬೇಕು, ಅಷ್ಟೇ.

ಹಳೆಯದು ಬೇಕೆಂದರೆ? ದುಡ್ಡು ಹಿಡಿದು ಹೋದರೂ ಹೊಸ ಸಿಡಿ ಕೊಡುವ ಅಂಗಡಿ ಇಲ್ಲ. ಇಂಟರ್ನೆಟ್ಟಿನ ದೊಡ್ಡ ಆಟದಂಗಡಿ ಸ್ಟೀಮ್‌ನಲ್ಲೂ ಅದು ಇಲ್ಲ. ಎಲ್ಲಿಂದಲೋ ಹಳೇ ಸಿಡಿ ಸಿಕ್ಕಿತು ಅನ್ನಿ, ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಬಾಯೇ ಇಲ್ಲ! ಬ್ರೌಸರಿನಲ್ಲಿ ಆಡುತ್ತಿದ್ದ 'ಸ್ಟಿಕ್ ಕ್ರಿಕೆಟ್'ನದು ಇನ್ನೊಂದು ಕಥೆ. ಎರಡೇ ಬಾಣದ ಕೀಲಿ ಒತ್ತಿ ಆಫೀಸಿನ ಗುಮಾಸ್ತರೂ ಕದ್ದು ಆಡಿದ ಆಟ ಅದು. ಅದಕ್ಕೆ ಆಧಾರವಾಗಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು.

'ಕ್ರಿಕೆಟ್ 07' ಮಾತ್ರ ಹಟ ಬಿಟ್ಟಿಲ್ಲ. ಬಿಡುಗಡೆಯಾಗಿ ಹದಿನೈದು ವರ್ಷ ದಾಟಿದ ಮೇಲೂ ಅದಕ್ಕೆ ಹೊಸ ಜರ್ಸಿ, ಹೊಸ ಹೆಸರು ಹೊಲಿದುಕೊಡುವವರು ಇದ್ದಾರೆ. ಹಳೆಯ ಪಟ್ಟಿಯನ್ನೇ ಉಳಿಸಿಕೊಂಡವರೂ ಇದ್ದಾರೆ. ಅವರ ತಂಡದಲ್ಲಿ ಈಗಲೂ ನಾಯಕ ದ್ರಾವಿಡ್.