ಅಮ್ಮನ ಶ್ರವಣ ಸಾಧನ ಕೆಟ್ಟಾಗ

ಶಿವಮೊಗ್ಗದಿಂದ ಪರ್ತ್‌ಗೆ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಮ್ಮ ಮೂರನೆಯ ವಾರದಲ್ಲಿ ಎಲ್ಲದಕ್ಕೂ ನಗುತ್ತಾ ತಲೆಯಾಡಿಸತೊಡಗಿದರು. ಊಟವಾಯಿತೇ ಎಂದರೂ ನಗು, ಮಂಡಿನೋವು ಹೇಗಿದೆ ಎಂದರೂ ನಗು. ಕಿವಿ ಕೇಳದ ರೋಗಿಗಳ ಮುಖದಲ್ಲಿ ಈ ನಗುವನ್ನು ಎಷ್ಟೋ ಬಾರಿ ಕಂಡಿದ್ದ ನನಗೆ ನನ್ನ ಮನೆಯಲ್ಲೇ ಅದನ್ನು ಗುರುತಿಸಲು ನಾಲ್ಕು ದಿನ ಬೇಕಾಯಿತು. ಅವರ ಬಲಗಿವಿಯ ಶ್ರವಣ ಸಾಧನ ಕೆಟ್ಟಿತ್ತು. ಎಡಗಿವಿ ಕೈಕೊಟ್ಟು ಬಹಳ ವರ್ಷಗಳಾಗಿವೆ.

ಇಂತಹ ಸಾಧನ ಮೌನವಾದರೆ ಮೊದಲು ನೋಡಬೇಕಾದವು ಮೂರು: ಗುಗ್ಗೆ, ತೇವ ಮತ್ತು ಬ್ಯಾಟರಿ. ತುದಿಯಲ್ಲಿರುವ ಪುಟ್ಟ ಜಾಲರಿಯಲ್ಲಿ ಗುಗ್ಗೆ ಕಟ್ಟಿಕೊಂಡರೆ ಸದ್ದು ಹೊರಬರದು. ಸತುವಿನ ಗುಂಡಿ ಬ್ಯಾಟರಿಗಳು ಗಾಳಿ ಒಳಹೊಕ್ಕ ಮೇಲಷ್ಟೇ ಕೆಲಸ ಮಾಡುತ್ತವೆ. ಮೇಲಿನ ಬಣ್ಣದ ಅಂಟುಪಟ್ಟಿ ಕಿತ್ತ ಬಳಿಕ ಒಂದೆರಡು ನಿಮಿಷ ಹೊರಗಿಟ್ಟು ಆಮೇಲೆ ಹಾಕಬೇಕು. ಇದನ್ನೆಲ್ಲ ಮಾಡಿಯೂ ಫಲ ಸಿಗಲಿಲ್ಲ. ಸಮೀಪದ ಕೇಂದ್ರವೊಂದರ ಶ್ರವಣ ತಜ್ಞೆ ಪರೀಕ್ಷಿಸಿ, ಸದ್ದು ಹೊಮ್ಮಿಸುವ ಭಾಗವೇ ಸತ್ತಿದೆ ಎಂದರು. ಅದೇ ಕಂಪನಿಯ ಸಾಧನಗಳನ್ನು ಅವರೂ ಮಾರುತ್ತಾರೆ. ಆದರೆ ಅಮ್ಮನದು ಬೆಂಗಳೂರಿನಲ್ಲಿ ಕೊಂಡದ್ದು, ವಾರಂಟಿ ಭಾರತಕ್ಕೆ ಮಾತ್ರ ಸೀಮಿತ. ಮೇಲಾಗಿ ಮಾರಿದ ಸಂಸ್ಥೆಯ ತಂತ್ರಾಂಶದ ಹೊರತು ಬೇರೆಯದರಿಂದ ಅದನ್ನು ಹೊಂದಿಸಲು ಬಾರದಂತೆ ಬೀಗ ಹಾಕಲಾಗಿತ್ತು. ಆಸ್ಟ್ರೇಲಿಯಾ ಸರ್ಕಾರದ ಶ್ರವಣ ಸೇವೆಯ ನೆರವು ಇಲ್ಲಿನ ಪಿಂಚಣಿದಾರರಂತಹವರಿಗಿದೆ. ಸಂದರ್ಶಕ ವೀಸಾದಲ್ಲಿ ಬಂದ ತಾಯಿತಂದೆಯರಿಗಿಲ್ಲ.

‘ಬಿಡೋ, ಕೇಳಬೇಕಾದ್ದೆಲ್ಲಾ ಕೇಳಿ ಆಗಿದೆ’ ಎಂದರು ಅಮ್ಮ. ಆ ಮಾತು ಎರಡು ರಾತ್ರಿ ನನ್ನನ್ನು ನಿದ್ರಿಸಗೊಡಲಿಲ್ಲ.

ಈ ದೇಶದಲ್ಲಿ ರಿಪೇರಿಯ ಪಾಠ ನನಗೆ ಮೊದಲು ದೊರೆತದ್ದು ಅಡಿಲೇಡ್‌ನಲ್ಲಿ, ಬಂದಿಳಿದ ಹೊಸತರಲ್ಲಿ. ಲ್ಯಾಪ್‌ಟಾಪ್ ಕೆಟ್ಟಿತೆಂದು ಅಂಗಡಿಗೆ ಒಯ್ದರೆ, ಬಿಚ್ಚಿ ನೋಡುವುದಕ್ಕೇ ಶುಲ್ಕ. ಸರಿಪಡಿಸುವ ಖರ್ಚು ಹೊಸದರ ಬೆಲೆಗೆ ಹತ್ತಿರ. ಇಲ್ಲಿ ವಸ್ತುವಿಗಿಂತ ಮನುಷ್ಯನ ಗಂಟೆಗೆ ಬೆಲೆ ಹೆಚ್ಚು. ರಜೆಗೆ ಹೋದಾಗ ಅದನ್ನೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಕೊಂಡೊಯ್ದೆ. ಮಾರು ಅಗಲದ ಮಳಿಗೆಯಲ್ಲಿ ಕುಳಿತ ಹುಡುಗ ಕಾಫಿ ಆರುವುದರೊಳಗೆ ಫ್ಯಾನ್ ಬದಲಿಸಿಕೊಟ್ಟ. ಆಸ್ಟ್ರೇಲಿಯಾದಲ್ಲಿ ರಿಪೇರಿಯೇ ಇಲ್ಲವೆಂದು ಅಂದು ತೀರ್ಮಾನಿಸಿಬಿಟ್ಟೆ.

ಅದು ಅರ್ಧ ಸತ್ಯವೆಂದು ತಿಳಿದದ್ದು ಬ್ರಿಸ್ಬೇನ್‌ನಲ್ಲಿ. ಕೊಂಡ ಹತ್ತೊಂಬತ್ತನೆಯ ತಿಂಗಳಿಗೆ ಟಿವಿಯ ಪರದೆಯ ಮೇಲೆ ಉದ್ದುದ್ದ ಗೆರೆಗಳು ಮೂಡಿದವು. ಒಂದು ವರ್ಷದ ವಾರಂಟಿ ಮುಗಿದಿದೆ, ತಯಾರಕರನ್ನು ಕೇಳಿ ಎಂದರು ಅಂಗಡಿಯವರು. ನಾನು ತಲೆತಗ್ಗಿಸಿ ಹಿಂತಿರುಗಿದೆ. ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರು ಕೇಳಿ ನಕ್ಕರು: ‘ಡಾಕ್ಟರೇ, ಕಾನೂನು ಓದಿಲ್ಲವೇ?’

2011ರ ಜನವರಿ 1ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ಪ್ರಕಾರ ಅಂಗಡಿಯ ವಾರಂಟಿ ಬೇರೆ, ಕಾನೂನಿನ ಭರವಸೆ ಬೇರೆ. ವಸ್ತು ತನ್ನ ಬೆಲೆ ಮತ್ತು ಸ್ವಭಾವಕ್ಕೆ ತಕ್ಕ ಸಮಂಜಸ ಕಾಲ ಬಾಳಬೇಕು. ದೋಷ ದೊಡ್ಡದಾದರೆ ಹಣ ವಾಪಸೋ ಹೊಸದೋ ಎಂಬ ಆಯ್ಕೆ ಗ್ರಾಹಕನದು. ಚಿಕ್ಕದಾದರೆ ಮಾರಿದವರು ರಿಪೇರಿ ಮಾಡಿಸಿಕೊಡಬಹುದು. ತಯಾರಕರ ಕಡೆ ಕೈತೋರಿಸಿ ನುಣುಚಿಕೊಳ್ಳುವ ಹಾಗಿಲ್ಲ. ಹೀಗೆಂದು ಅಂಗಡಿಗೆ ಒಂದು ಪುಟದ ಪತ್ರ ಬರೆದೆ, ಬಿಲ್ಲಿನ ಪ್ರತಿ ಲಗತ್ತಿಸಿದೆ. ಎರಡು ವಾರದಲ್ಲಿ ಬೇರೆ ಟಿವಿ ಬಂತು. ಪತ್ರಕ್ಕೂ ಬಗ್ಗದಿದ್ದರೆ ದೂರು ಕೊಡಲು ಪ್ರತಿ ರಾಜ್ಯದಲ್ಲೂ ಗ್ರಾಹಕ ರಕ್ಷಣೆಯ ಸರ್ಕಾರಿ ಕಚೇರಿ ಇದೆ.

ದೊಡ್ಡವರೂ ಈ ಕಾನೂನಿಗೆ ತಲೆಬಾಗಿದ್ದಾರೆ. ತಂತ್ರಾಂಶ ನವೀಕರಿಸಿದ ಬಳಿಕ ‘ಎರರ್ 53’ ಎಂದು ತೋರಿಸಿ ಕೆಲವು ಐಫೋನ್, ಐಪ್ಯಾಡ್‌ಗಳು ಸ್ತಬ್ಧವಾದವು. ಬೇರೆಯವರಿಂದ ಪರದೆ ರಿಪೇರಿ ಮಾಡಿಸಿದ್ದೀರಿ, ನಿಮಗೆ ಪರಿಹಾರವಿಲ್ಲ ಎಂಬ ಉತ್ತರ 2015-16ರ ಅವಧಿಯಲ್ಲಿ ಕನಿಷ್ಠ 275 ಗ್ರಾಹಕರಿಗೆ ದೊರೆಯಿತು. ಆಸ್ಟ್ರೇಲಿಯಾದ ಸ್ಪರ್ಧಾ ಮತ್ತು ಗ್ರಾಹಕ ಆಯೋಗ ಮೊಕದ್ದಮೆ ಹೂಡಿತು. 2018ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಲಯ ಆಪಲ್‌ಗೆ 90 ಲಕ್ಷ ಡಾಲರ್ ದಂಡ ವಿಧಿಸಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಗ್ರಾಹಕನ ಹಕ್ಕು ಹೋಗದು ಎಂಬುದು ಅಂದಿನಿಂದ ಸಾಮಾನ್ಯರಿಗೂ ತಿಳಿಯಿತು.

ಇಷ್ಟು ಬಲವಾದ ಕಾನೂನೂ ಅಮ್ಮನ ಕಿವಿಗೆ ನೆರವಾಗಲಿಲ್ಲ, ಏಕೆಂದರೆ ಅದು ಇಲ್ಲಿ ಕೊಂಡ ವಸ್ತುವಿಗೆ. ಕಡೆಗೆ ಊರಿಗೆ ಹೊರಟಿದ್ದ ಕನ್ನಡಿಗ ಮಿತ್ರರ ಕೈಯಲ್ಲಿ ಬೆಂಗಳೂರಿಗೆ ಕಳುಹಿಸಿದೆ. ಇಪ್ಪತ್ತಾರು ದಿನ ನಮ್ಮ ಮನೆಯ ಮಾತೆಲ್ಲ ನೋಟ್‌ಬುಕ್ಕಿನಲ್ಲಿ ನಡೆಯಿತು. ಕನ್ನಡ ಬರೆಯಲು ಸೋಮಾರಿಯಾಗಿದ್ದ ಮಗಳು ಅಜ್ಜಿಗೋಸ್ಕರ ಒತ್ತಕ್ಷರ ಕಲಿತಳು. ಹಾಗೆಂದು ಸಾಧನ ಕೆಟ್ಟದ್ದೇ ಒಳ್ಳೆಯದಾಯಿತು ಎನ್ನಲಾರೆ.

ತಾಯಿತಂದೆಯರನ್ನು ಕಳುಹಿಸುವ ಬಂಧುಗಳು ಹೊರಡುವ ಮುನ್ನವೇ ಮಾರಿದವರನ್ನು ಕೇಳಿ, ವಾರಂಟಿ ವಿದೇಶದಲ್ಲಿ ನಡೆಯುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಶ್ರವಣ ಪರೀಕ್ಷೆಯ ವರದಿ, ಬಿಲ್ಲು, ಬಿಡಿ ಜಾಲರಿಗಳು ಜೊತೆಗಿರಲಿ. ಹಳೆಯ ಸಾಧನವಿದ್ದರೆ ಎಸೆಯದೆ ತನ್ನಿ. ಮರುಚಾರ್ಜ್ ಆಗುವಂಥದ್ದಾದರೆ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ಓದಲು ಬರುವ ಮಕ್ಕಳು ಊರಿನಲ್ಲಿ ಲ್ಯಾಪ್‌ಟಾಪ್ ಕೊಳ್ಳುವಾಗಲೂ ಇದೇ ಪ್ರಶ್ನೆ ಕೇಳಲಿ. ಇಲ್ಲಿ ಕೊಂಡರೆ ರಸೀದಿಯ ಫೋಟೊ ತೆಗೆದಿಡಿ, ಶಾಯಿ ಬೇಗ ಮಾಸುತ್ತದೆ. ಫೋನನ್ನು ರಿಪೇರಿಗೆ ಕೊಡುವ ಮೊದಲು ಒಳಗಿನ ಚಿತ್ರಗಳ ಪ್ರತಿ ಮಾಡಿಕೊಳ್ಳಿ.

ಇಪ್ಪತ್ತೇಳನೆಯ ದಿನ ಸಾಧನ ಮರಳಿ ಬಂತು. ಕಿವಿಗೇರಿಸಿಕೊಂಡ ಅಮ್ಮ ಅಡುಗೆಮನೆಯ ಕಡೆ ತಿರುಗಿ ಹುಬ್ಬು ಗಂಟಿಕ್ಕಿದರು. ‘ನಿನ್ನ ಫ್ರಿಜ್ಜು ಯಾಕೋ ಹಿಂಗೆ ಗುರ್ ಅನ್ನುತ್ತೆ? ಅದನ್ನೂ ರಿಪೇರಿಗೆ ಹಾಕು.’