ದಿನವೂ ಅದೇ ಉಡುಪು: ಸೋಮಾರಿತನವೇ, ಸರಳತೆಯೇ?

ಭಾನುವಾರ ಬೆಳಿಗ್ಗೆ ಪೂಜೆಗೆ ಹೊರಡುವ ಮುನ್ನ ಕಪಾಟಿನ ಎದುರು ನಿಂತು "ಇವತ್ತು ಏನು ಹಾಕಿಕೊಳ್ಳಲಿ?" ಎಂದು ಕೇಳಿಕೊಳ್ಳದವರು ನಮ್ಮಲ್ಲಿ ವಿರಳ. ಕಪಾಟು ತುಂಬಿರುತ್ತದೆ, ಇಗರ್ಜಿಯ ಗಂಟೆ ಬಾರಿಸಿ ಆಗಿರುತ್ತದೆ, ಆದರೂ ಹಾಕಲು ಏನೂ ಇಲ್ಲ! ಇದಕ್ಕೆ ಕೆಲವರು ಕಂಡುಕೊಂಡ ಪರಿಹಾರ ಬಹಳ ಸರಳ. ಮೈಗೆ ಹಿತವೆನಿಸುವ ಒಂದೇ ಬಗೆಯ ಉಡುಪನ್ನು ಆರಿಸಿ, ಅದರ ನಾಲ್ಕಾರು ಜತೆ ಇಟ್ಟುಕೊಂಡು, ದಿನವೂ ಅದನ್ನೇ ತೊಡುವುದು. ಇದು ಶಾಲೆಯೋ ಕಂಪೆನಿಯೋ ಕೊಟ್ಟ ಸಮವಸ್ತ್ರವಲ್ಲ, ತನಗೆ ತಾನೇ ಕೊಟ್ಟುಕೊಂಡದ್ದು.

ಈ ಅಭ್ಯಾಸಕ್ಕೆ ಜಗತ್ತಿನಲ್ಲಿ ಹೆಸರು ತಂದವರು ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್. 1980ರ ದಶಕದಲ್ಲಿ ಜಪಾನಿನ ಸೋನಿ ಕಂಪೆನಿಗೆ ಭೇಟಿಯಿತ್ತಾಗ ಅಲ್ಲಿನ ನೌಕರರ ಸಮವಸ್ತ್ರ ಅವರಿಗೆ ಮೆಚ್ಚುಗೆಯಾಯಿತು. ತಮ್ಮಲ್ಲೂ ಅಂಥದ್ದನ್ನು ತರೋಣವೆಂದರೆ ಆಪಲ್ ನೌಕರರು ಸುತಾರಾಂ ಒಪ್ಪಲಿಲ್ಲ. ಕೊನೆಗೆ ಅದೇ ಸಮವಸ್ತ್ರವನ್ನು ರೂಪಿಸಿದ್ದ ಇಸ್ಸೆ ಮಿಯಾಕೆ ಅವರಿಂದ ಕುತ್ತಿಗೆ ಮುಚ್ಚುವ ಕಪ್ಪು ಅಂಗಿಗಳನ್ನು ತಮಗೊಬ್ಬರಿಗೇ ಮಾಡಿಸಿಕೊಂಡರು. ಅಮೆರಿಕದ ಅಧ್ಯಕ್ಷರಾಗಿದ್ದಾಗ ಬರಾಕ್ ಒಬಾಮ, ತಾವು ಬೂದು ಅಥವಾ ನೀಲಿ ಸೂಟು ಮಾತ್ರ ತೊಡುವುದಾಗಿ 2012ರ ಸಂದರ್ಶನವೊಂದರಲ್ಲಿ ಹೇಳಿದ್ದರು. ದೊಡ್ಡ ತೀರ್ಮಾನಗಳಿಗೆ ಬೇಕಾದ ಮನಶ್ಶಕ್ತಿಯನ್ನು ಬಟ್ಟೆಯ ಮೇಲೆ ಖರ್ಚು ಮಾಡುವುದು ಬೇಡ ಎಂಬುದು ಅವರ ವಾದ. ಆದರೆ ಇಚ್ಛಾಶಕ್ತಿ ಬಳಸಿದಷ್ಟೂ ಬರಿದಾಗುತ್ತದೆ ಎಂಬ ಸಿದ್ಧಾಂತವನ್ನು 2016ರಲ್ಲಿ 23 ಪ್ರಯೋಗಾಲಯಗಳು ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಆದ್ದರಿಂದ ಒಂದೇ ಬಣ್ಣದ ಅಂಗಿ ತೊಟ್ಟರೆ ಬುದ್ಧಿ ಚುರುಕಾಗುತ್ತದೆ ಎಂದು ಯಾರೂ ನಂಬಬೇಕಾಗಿಲ್ಲ. ಬೆಳಗಿನ ಹತ್ತು ನಿಮಿಷ ಉಳಿಯುವುದಂತೂ ನಿಜ.

ನಮಗೆ ಇದೇನೂ ಹೊಸ ಸಂಗತಿಯಲ್ಲ. ಸಂತ ಫ್ರಾನ್ಸಿಸ್ ಅಸ್ಸೀಸಿಯವರ ತೇಪೆ ಹಾಕಿದ ನಿಲುವಂಗಿಯನ್ನು ಅಸ್ಸೀಸಿಯಲ್ಲಿ ಇಂದಿಗೂ ಜೋಪಾನವಾಗಿಟ್ಟಿದ್ದಾರೆ. ಮದರ್ ತೆರೇಸಾ 1948ರಲ್ಲಿ ಲೊರೆಟೊ ಮಠದಿಂದ ಹೊರಬಂದಾಗ ಉಟ್ಟದ್ದು ಅಗ್ಗದ, ನೀಲಿ ಅಂಚಿನ ಬಿಳಿ ಸೀರೆ. ಅವರ ಸಭೆಯ ಭಗಿನಿಯರಿಗೆ ತಲಾ ಮೂರು ಸೀರೆ. ಆ ಸೀರೆಗಳನ್ನು ಕೋಲ್ಕತ್ತಾ ಸಮೀಪದ ಟಿಟಾಗಢದಲ್ಲಿ ಕುಷ್ಠರೋಗದಿಂದ ಗುಣಮುಖರಾದವರು ನೇಯುತ್ತಾರೆ. ಹಿತಕರವಾದ ಬಟ್ಟೆಯನ್ನು ಬಯಸುವುದೂ ತಪ್ಪಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಜೀವನದ ಬಗ್ಗೆ 1965ರಲ್ಲಿ ಹೊರಡಿಸಿದ ಆಜ್ಞಾಪತ್ರದಲ್ಲಿ, ಸಂನ್ಯಾಸ ವಸ್ತ್ರವು ಸರಳವೂ ಸಭ್ಯವೂ ಆಗಿರಬೇಕು ಎಂಬುದರ ಜತೆಗೆ ಆರೋಗ್ಯಕ್ಕೆ, ಕಾಲದೇಶಗಳಿಗೆ, ಮಾಡುವ ಸೇವೆಗೆ ಒಗ್ಗುವಂತಿರಬೇಕು ಎಂಬ ಮಾತೂ ಇದೆ. ನಮ್ಮಂಥ ಸೆಕೆಯ ಊರುಗಳಲ್ಲಿ ಗುರುಗಳು ಕಪ್ಪಿನ ಬದಲು ಬಿಳಿ ನಿಲುವಂಗಿ ತೊಡುವುದು ಇದೇ ವಿವೇಕದಿಂದ.

ಹಾಗೆಂದು ಎಲ್ಲರಿಗೂ ಇದು ಒಂದೇ ರೀತಿ ಅನ್ವಯಿಸುವುದಿಲ್ಲ. ಕಪಾಟು ತುಂಬ ಬಟ್ಟೆಯಿದ್ದೂ ಅದೇ ಅಂಗಿ ತೊಟ್ಟವರನ್ನು ಜನ ಸರಳಜೀವಿ ಎನ್ನುತ್ತಾರೆ. ಇರುವುದೇ ಒಂದು ಒಳ್ಳೆಯ ಸೀರೆ ಎಂಬವರಿಗೆ ಆ ಮರ್ಯಾದೆ ಸಿಗುವುದಿಲ್ಲ. ಇದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಪೂಜೆಯಲ್ಲಿ ವಾಚನ ಓದುತ್ತಿದ್ದ ನಮ್ಮ ವಾಳೆಯ ಮಹಿಳೆಯೊಬ್ಬರಿಗೆ ಒಮ್ಮೆ ತಮಾಷೆಗೆಂದು "ಪುನಃ ಅದೇ ಸೀರೆಯಾ ಬಾಯಿ?" ಎಂದುಬಿಟ್ಟೆ. ಅವರು ನಕ್ಕರು. ಮುಂದಿನ ತಿಂಗಳಿನಿಂದ ವಾಚಕರ ಪಟ್ಟಿಗೆ ಅವರು ಹೆಸರು ಕೊಡಲಿಲ್ಲ. ಕಾರಣ ಅರ್ಥವಾಗಲು ನನಗೆ ವರ್ಷ ಹಿಡಿಯಿತು. ಬಡವನ ಕೊಳೆ ಬಟ್ಟೆಯನ್ನೂ ಸಿರಿವಂತನ ಚಿನ್ನದುಂಗುರವನ್ನೂ ಕಂಡು ಸಭೆಯಲ್ಲಿ ಭೇದ ಮಾಡುವವರನ್ನು ಸಂತ ಯಾಕೋಬರು ತಮ್ಮ ಪತ್ರದಲ್ಲಿ ಗದರಿಸಿದ್ದಾರೆ. ಆ ಭಾಗವನ್ನು ನಾನೇ ಎಷ್ಟೋ ಸಲ ಓದಿದ್ದೆ.

ಅಂದಿನಿಂದ ನಾನೂ ಇಗರ್ಜಿಯ ಕೆಲಸಕ್ಕೆ ಒಂದೇ ಬಗೆಯ ಬಿಳಿ ಹತ್ತಿ ಅಂಗಿ, ಕಪ್ಪು ಪ್ಯಾಂಟು ತೊಡುತ್ತಿದ್ದೇನೆ. ಅನುಭವದಿಂದ ಹೇಳುವುದಾದರೆ, ಬೇಸಗೆಯಲ್ಲಿ ಮೂರು ಜತೆ ಧಾರಾಳ ಸಾಕು: ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಒಂದು ಕಪಾಟಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ದಿನವಾದರೂ ಬಟ್ಟೆ ಒಣಗದ ಕಾರಣ ಐದು ಬೇಕು. ಅರೆ ಒಣಗಿದ ಅಂಗಿಯನ್ನು ಮಡಚಿಟ್ಟರೆ ಬೂಷ್ಟು ಹಿಡಿದು ಕರಿಚುಕ್ಕೆ ಬೀಳುತ್ತದೆ, ಅದು ಸುಲಭದಲ್ಲಿ ಹೋಗುವುದಿಲ್ಲ. ಬಣ್ಣ ಆರಿಸುವಾಗ ಬೂದು ಬೇಡ, ಬೆವರಿನ ಒದ್ದೆ ಅದರಲ್ಲಿ ಎದ್ದು ಕಾಣುತ್ತದೆ. ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ವರ್ಷಗಟ್ಟಲೆ ತೊಟ್ಟ ಬೂದು ಟೀ ಶರ್ಟು ಕ್ಯಾಲಿಫೋರ್ನಿಯಾಕ್ಕೆ ಸರಿ, ನಮ್ಮ ಮೇ ತಿಂಗಳಿಗಲ್ಲ. ಹೊಸದಾಗಿ ಕೊಳ್ಳುವ ಮೊದಲು ಇರುವ ಬಟ್ಟೆಗಳಲ್ಲಿ ಯಾವುದು ಹೆಚ್ಚು ಸಲ ಕೈಗೆ ಬರುತ್ತದೆಂದು ನೋಡಿ. ನಿಮ್ಮ ಸಮವಸ್ತ್ರ ಅದೇ.

ಸಂಘಟನೆಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಹಬ್ಬಕ್ಕೊಂದು, ಸಮಾವೇಶಕ್ಕೊಂದು ಎಂದು ಪ್ರತಿ ಸಲ ಹೊಸ ಬಣ್ಣದ ಸೀರೆ ಗೊತ್ತುಪಡಿಸುವುದು ಸಮವಸ್ತ್ರದ ಉದ್ದೇಶಕ್ಕೇ ವಿರುದ್ಧ. ಹಣ ಕೊಡಲಾಗದವರು ಬಾಯಿಬಿಟ್ಟು ಹೇಳುವುದಿಲ್ಲ, ಬರುವುದನ್ನೇ ಬಿಡುತ್ತಾರೆ. ಕಳೆದ ಸಲ ನಮ್ಮ ಹಬ್ಬದ ಸ್ವಯಂಸೇವಕರಿಗೆ "ಮನೆಯಲ್ಲಿರುವ ಯಾವುದಾದರೂ ಬಿಳಿ ಬಟ್ಟೆ ಹಾಕಿ ಬನ್ನಿ" ಎಂದಷ್ಟೇ ಹೇಳಿದೆವು. ಬಿಳಿಯಲ್ಲೂ ಹತ್ತು ತರಹದ ಬಿಳಿ ಇತ್ತು. ಊಟ ಬಡಿಸುವ ಕೈಗಳಿಗೆ ಮಾತ್ರ ಕೊರತೆಯಾಗಲಿಲ್ಲ.